ಎದೆ ಸೀಳದ ಆಪರೇಷನ್ ಕೇಳಿ ಬಂದವರು: ತಾಳ ತಪ್ಪಿದ ಹೃದಯಬಡಿತದ ಒಂದು ಪ್ರಕರಣ ಅಧ್ಯಯನ

ಗಂಗಾವತಿ ತಾಲ್ಲೂಕಿನ ಅಕ್ಕಿ ಗಿರಣಿಯೊಂದರಲ್ಲಿ ಬಹುಕಾಲ ತೂಕದ ಗುಮಾಸ್ತರಾಗಿ ದುಡಿದು, ಈಗ ಮಗನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ 66 ವರ್ಷದ ಹಿರಿಯರೊಬ್ಬರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಮ್ಮನ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದದ್ದು ಕಾಯಿಲೆ ಏನೆಂದು ಕೇಳುವುದಕ್ಕಲ್ಲ. ಅದರ ಹೆಸರು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ತಾಳ ತಪ್ಪಿ ಅದುರುವ ಕಾಯಿಲೆ, ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಹಳೆಯ ಇಸಿಜಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಅವರಿಗೆ ಬೇಕಾಗಿದ್ದದ್ದು, ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಶಿಫಾರಸು ಮಾಡುವ ಒಂದು ಪತ್ರ. “ಎದಿ ಸೀಳಿಸ್ಕೊಳ್ಳೂದು ನನ್ ಕೈಲಿ ಆಗಂಗಿಲ್ರಿ ಡಾಕ್ಟ್ರೇ. ಸಣ್ಣ ತೂತು ಹಾಕಿ ಮಾಡ್ತಾರಂತ ನಮ್ ಹುಡುಗ ಹೇಳ್ತಾನ. ಅದನ್ನ ಮಾಡಿಸಿ ಈ ಗುಳಿಗಿ ಕಾಟ ಒಮ್ಮೆ ಮುಗಿಸಿಬಿಡ್ರಿ” ಎಂದರು.

ಈ ಮಾತಿನಲ್ಲಿ ಎರಡು ಬೇಡಿಕೆಗಳಿದ್ದವು. ಎದೆಮೂಳೆಯನ್ನು ಕೊಯ್ಯಬಾರದು ಎಂಬುದು ಒಂದು, ರಕ್ತ ತೆಳುವಾಗಿಸುವ ಗುಳಿಗೆ ನಿಲ್ಲಬೇಕು ಎಂಬುದು ಇನ್ನೊಂದು. ಮೊದಲನೆಯದು ನ್ಯಾಯವಾದದ್ದೇ, ಅದಕ್ಕೆ ಇಂದು ದಾರಿಗಳೂ ಇವೆ. ಎರಡನೆಯದನ್ನು ಅವರ ವಯಸ್ಸಿನ, ಅವರ ರಕ್ತದೊತ್ತಡದ ರೋಗಿಗೆ ಯಾವ ಶಸ್ತ್ರಚಿಕಿತ್ಸೆಯೂ ಖಾತ್ರಿಯಾಗಿ ಕೊಡಲಾರದು. ಗಾಯದ ಗಾತ್ರದ ಬಗ್ಗೆಯೇ ಕುಟುಂಬದ ಚಿಂತೆಯೆಲ್ಲ ಸುತ್ತುತ್ತಿದ್ದಾಗ, ಪ್ರಕರಣವನ್ನು ನಿಜವಾಗಿ ತೀರ್ಮಾನಿಸಿದ್ದು ಯಾರೂ ಕೇಳದಿದ್ದ ಬೇರೆ ಸಂಗತಿಗಳು: ಹೃದಯದ ಒಂದು ಮೂಲೆಯಲ್ಲಿ ಕುಳಿತಿದ್ದ ಹೆಪ್ಪು, ಯೌವನದಲ್ಲಿ ಬಂದು ಹೋಗಿದ್ದ ಕ್ಷಯ, ಮತ್ತು ರಾತ್ರಿಯ ಗೊರಕೆ. ಆದ್ದರಿಂದಲೇ ಇದನ್ನು ವಿವರವಾಗಿ ಬರೆದಿಡುವುದು ಉಪಯುಕ್ತವೆನಿಸಿತು. ರೋಗಿಯ ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ ಮತ್ತು ಪರೀಕ್ಷೆ

ರಕ್ತದೊತ್ತಡ ಅವರಿಗೆ ಹತ್ತು ವರ್ಷಕ್ಕೂ ಹಳೆಯದು. ಸಕ್ಕರೆ ಕಾಯಿಲೆ ಇಲ್ಲ. ಬೀಡಿ ಬಿಟ್ಟು ಬಹಳ ಕಾಲವಾಗಿದೆ. ಸುಮಾರು ಎರಡು ವರ್ಷಗಳ ಹಿಂದೆ ಎದೆ ಡವಗುಟ್ಟುವುದು ಆಗಾಗ ಶುರುವಾಗಿ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ಆಸ್ಪತ್ರೆ ತಲುಪಿ ಇಸಿಜಿ ತೆಗೆಯುವ ಹೊತ್ತಿಗೆ ಎಲ್ಲವೂ ಸಹಜವಾಗಿರುತ್ತಿದ್ದುದರಿಂದ ‘ಗ್ಯಾಸ್’ ಎಂದು ಗುಳಿಗೆ ಕೊಟ್ಟು ಕಳುಹಿಸಿದ್ದೂ ಉಂಟು. ಕಾಯಿಲೆ ಕೊನೆಗೆ ಇಸಿಜಿಯಲ್ಲಿ ಸಿಕ್ಕಿಬಿದ್ದ ಮೇಲೆ ಬಡಿತವನ್ನು ಹತೋಟಿಯಲ್ಲಿಡಲು ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದಿರಲು ಅಸಿನೊಕೊಮರಾಲ್ ಆರಂಭವಾದವು. ನನ್ನಲ್ಲಿಗೆ ಬರುವ ವೇಳೆಗೆ ಬಂದು ಹೋಗುವ ಹಂತ ಮುಗಿದು, ಸುಮಾರು ಎಂಟು ತಿಂಗಳಿಂದ ಲಯಭಂಗ ಬಿಡದೆ ಮುಂದುವರಿದಿತ್ತು. ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು.

ಅಸಿನೊಕೊಮರಾಲ್‌ನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಈ ಔಷಧಿಯೂ ವಾರ್ಫರಿನ್ನೂ ವಿಟಮಿನ್ ‘ಕೆ’ಯ ಕೆಲಸವನ್ನು ತಡೆದು ರಕ್ತವನ್ನು ತೆಳುವಾಗಿಸುತ್ತವೆ, ಆದ್ದರಿಂದ ಸೊಪ್ಪು ತಿನ್ನುವ ಪ್ರಮಾಣ ದಿನದಿಂದ ದಿನಕ್ಕೆ ಬದಲಾದರೆ ಅವುಗಳ ಪರಿಣಾಮವೂ ಬದಲಾಗುತ್ತದೆ. ನಮ್ಮ ಭಾಗದ ಊಟದಲ್ಲಿ ಪುಂಡಿಪಲ್ಯ, ರಾಜಗಿರಿ, ಪಾಲಕ ಬೆಂದು ಬರುವುದಷ್ಟೇ ಅಲ್ಲ, ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ ಹಾಗೆಯೇ ಎಲೆಗೆ ಬೀಳುತ್ತವೆ. ಸೊಪ್ಪು ಸಮೃದ್ಧವಾಗಿರುವ ಚಳಿಗಾಲಕ್ಕೂ ಬಿರುಬೇಸಿಗೆಗೂ ಅಜಗಜಾಂತರ. ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ (ಸಂಖ್ಯೆ ಹೆಚ್ಚಿದಷ್ಟೂ ರಕ್ತ ತೆಳು) ಇವರಿಗೆ 2ರಿಂದ 3ರ ನಡುವೆ ಇರಬೇಕಾಗಿತ್ತು, ಚೀಲದಲ್ಲಿದ್ದ ಚೀಟಿಗಳಲ್ಲಿ ಒಮ್ಮೆ 1.4 ಇತ್ತು, ಇನ್ನೊಮ್ಮೆ 4.6. ಆ ಎರಡನೆಯ ಸ್ಥಿತಿಯಲ್ಲಿಯೇ ಹಲ್ಲು ಕೀಳಿಸಿಕೊಂಡು, ರಾತ್ರಿಯಿಡೀ ವಸಡಿನಿಂದ ರಕ್ತ ಜಿನುಗಿ ಮನೆಯವರೆಲ್ಲ ಹೆದರಿಹೋಗಿದ್ದಾರೆ. ಮರುದಿನದಿಂದ ಗುಳಿಗೆ ಬಂದ್. ಆಮೇಲೆ ಯಾರೋ ಸೂಚಿಸಿದಂತೆ ದಿನಕ್ಕೊಂದು ಆಸ್ಪಿರಿನ್ ನುಂಗುತ್ತಿದ್ದರು.

ಆಸ್ಪಿರಿನ್ ಇಲ್ಲಿ ರಕ್ಷಣೆಯಲ್ಲ, ರಕ್ಷಣೆಯ ಭ್ರಮೆ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಪಾರ್ಶ್ವವಾಯು ಹೊಡೆಯುವ ಸಂಭವ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ವಾರ್ಫರಿನ್ ಸರಿಹೊಂದದ ರೋಗಿಗಳಲ್ಲಿ ಆಸ್ಪಿರಿನ್ನನ್ನು ರಕ್ತ ತೆಳುವಾಗಿಸುವ ಹೊಸ ಔಷಧಿ ಅಪಿಕ್ಸಬಾನ್ ಜೊತೆ ಹೋಲಿಸಿ 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಅರ್ಧಕ್ಕಿಂತ ಕಡಿಮೆಯಾಯಿತು, ದೊಡ್ಡ ರಕ್ತಸ್ರಾವದ ಪ್ರಮಾಣ ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಷ್ಟಾದರೂ ‘ಹಗುರವಾದ ಗುಳಿಗೆ’ ಎಂಬ ಹೆಸರಿನಲ್ಲಿ ಆಸ್ಪಿರಿನ್ ಇಂದಿಗೂ ಹಳ್ಳಿಹಳ್ಳಿಯಲ್ಲಿ ನಡೆದಿದೆ.

ಪರೀಕ್ಷೆಯಲ್ಲಿ ಸ್ಟೆತಾಸ್ಕೋಪನ್ನು ಎಡ ಎದೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಮಣಿಕಟ್ಟಿನ ನಾಡಿ ಹಿಡಿದು, ಒಂದು ನಿಮಿಷ ಪೂರ್ತಿ ಎಣಿಸಿದಾಗ ಹೃದಯ 128 ಬಾರಿ ಬಡಿಯಿತು, ನಾಡಿ 96 ಬಾರಿ ಮಾತ್ರ ತಟ್ಟಿತು. ಉಳಿದ 32 ಬಡಿತಗಳಲ್ಲಿ ಹೃದಯ ತುಂಬುವ ಮೊದಲೇ ಹಿಂಡಿಕೊಂಡದ್ದರಿಂದ ಮಣಿಕಟ್ಟಿನವರೆಗೆ ಅಲೆ ಮುಟ್ಟಲೇ ಇಲ್ಲ. ಸೋದರನ ಮಗನ ಕೈಯಲ್ಲೇ ನಾಡಿ ಹಿಡಿಸಿ, ಸ್ಟೆತಾಸ್ಕೋಪನ್ನು ಅವನ ಕಿವಿಗೆ ಕೊಟ್ಟಾಗ, ಮೊಬೈಲಿನಲ್ಲಿ ನೋಡಿದ ವಿಡಿಯೊಗಳಿಂದ ತಿಳಿಯದಿದ್ದ ದೊಡ್ಡಪ್ಪನ ದಣಿವಿನ ಕಾರಣ ಅವನಿಗೆ ಅರ್ಥವಾಯಿತು. ಬಡಿತ ಹೀಗೆ ಓಡುತ್ತಿರುವಾಗ ಡಿಜಿಟಲ್ ಬಿಪಿ ಯಂತ್ರ ತೋರಿಸುವ ನಾಡಿಯ ಸಂಖ್ಯೆಯನ್ನು ನಂಬಿ ಕೂರಬಾರದು ಎಂಬುದನ್ನೂ ಆಗಲೇ ಹೇಳಿದೆ.

ಇಸಿಜಿಯಲ್ಲಿ, ಹೃತ್ಕರ್ಣ ಕ್ರಮವಾಗಿ ಬಡಿಯುವಾಗ ಮೂಡುವ ‘ಪಿ’ ಅಲೆಗಳಿರಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಸಹಜವಾಗಿದ್ದವು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ ಎಡ ಹೃತ್ಕರ್ಣ 48 ಮಿಲಿಮೀಟರ್‌ಗೆ ಹಿಗ್ಗಿತ್ತು, ಹೃದಯದ ಪಂಪಿಂಗ್ ಶೇ 50ರಷ್ಟಿತ್ತು, ಕವಾಟಗಳು ಚೆನ್ನಾಗಿದ್ದವು. ಈ ಕೊನೆಯ ಸಾಲನ್ನು ನಾನು ಮೊದಲು ಹುಡುಕುತ್ತೇನೆ. ಚಿಕ್ಕಂದಿನ ಗಂಟಲು ಸೋಂಕು ಮತ್ತು ಕೀಲುವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ಅದರಿಂದ ಲಯ ತಪ್ಪಿದವರು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ, ಮತ್ತು ಅಂಥವರ ದಾರಿಯೇ ಬೇರೆ. ಕೀಲುವಾತದ ಹೃದಯರೋಗದ ಜೊತೆ ಏಟ್ರಿಯಲ್ ಫಿಬ್ರಿಲೇಷನ್ ಇರುವವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಇನ್‌ವಿಕ್ಟಸ್’ ಅಧ್ಯಯನದಲ್ಲಿ ಹೊಸ ಔಷಧಿ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧಿಗಳೇ ಮೇಲಾದವು. ಕವಾಟ ಕಿರಿದಾಗಿದ್ದರೆ ಇವರಿಗೆ ಸೊಪ್ಪಿನ ಲೆಕ್ಕ, ಐಎನ್‌ಆರ್ ಎರಡೂ ತಪ್ಪುತ್ತಿರಲಿಲ್ಲ, ಕವಾಟಕ್ಕಾಗಿಯೇ ಎದೆ ತೆರೆಯಬೇಕಾಗಿ ಬಂದರೂ ಬರುತ್ತಿತ್ತು. ಇವರ ಕವಾಟ ಸರಿಯಾಗಿದ್ದುದರಿಂದ ಅಪಿಕ್ಸಬಾನ್‌ನಂಥ ಔಷಧಿಗೆ ದಾರಿ ತೆರೆದಿತ್ತು.

ಪಾರ್ಶ್ವವಾಯುವಿನ ಅಪಾಯವನ್ನು ಅಳೆಯಲು ಬಳಸುವ ‘ಚ್ಯಾಡ್ಸ್-ವ್ಯಾಸ್ಕ್’ ಅಂಕದಲ್ಲಿ ರಕ್ತದೊತ್ತಡಕ್ಕೆ 1, ವಯಸ್ಸು 65 ದಾಟಿದ್ದಕ್ಕೆ 1, ಒಟ್ಟು 2. ಗಂಡಸರಲ್ಲಿ 2 ಅಂಕ ಬಂದರೆ ರಕ್ತ ತೆಳುವಾಗಿಸುವ ಔಷಧಿ ಬೇಕೇ ಬೇಕು. ಈ ಅಂಕದ ಒಂದು ಗುಣವನ್ನು ಕುಟುಂಬಕ್ಕೆ ಒತ್ತಿ ಹೇಳಿದೆ: ಲಯ ಸರಿಹೋದರೂ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ, ರಕ್ತದೊತ್ತಡದ ಇತಿಹಾಸ ಅಳಿಯುವುದಿಲ್ಲ, ಆದ್ದರಿಂದ ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮಾರನೆಯ ದಿನವೂ ಅಂಕ 2 ಆಗಿಯೇ ಇರುತ್ತದೆ.

ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಎಂದರೇನು

ದೂರದ ನಗರವೊಂದರ ಆಸ್ಪತ್ರೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ಪ್ಯಾಕೇಜ್ ಹಾಳೆಯನ್ನು ಅವರು ತೋರಿಸಿದರು. ಎಕೋ ನೋಡುವ ಮೊದಲೇ ದರ ಬರೆದಿದ್ದ ಆ ಹಾಳೆಯಲ್ಲಿ ‘ಔಷಧಿಗಳಿಂದ ಶಾಶ್ವತ ಮುಕ್ತಿ’ ಎಂಬ ಸಾಲು ಬೇರೆ ಇತ್ತು. ಇಂಥ ಹಾಳೆಯನ್ನು ಓದುವವರಿಗೆ ಶಸ್ತ್ರಚಿಕಿತ್ಸೆ ನಿಜಕ್ಕೂ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ ಎಂಬ ಶಸ್ತ್ರಚಿಕಿತ್ಸಕರು 1987ರಲ್ಲಿ ಮೊದಲ ಬಾರಿಗೆ ‘ಮೇಜ್’ (ಚಕ್ರವ್ಯೂಹ) ಶಸ್ತ್ರಚಿಕಿತ್ಸೆ ಮಾಡಿದರು. ಎದೆಮೂಳೆ ಸೀಳಿ, ಹೃದಯವನ್ನು ನಿಲ್ಲಿಸಿ, ಹೃತ್ಕರ್ಣದ ಗೋಡೆಯನ್ನು ನಿಗದಿತ ಗೆರೆಗಳಲ್ಲಿ ಕತ್ತರಿಸಿ ಮತ್ತೆ ಹೊಲಿಯುವ ದೊಡ್ಡ ಕೆಲಸ ಅದು. ವಾಸಿಯಾದ ಗಾಯದ ಗೆರೆಯ ಮೂಲಕ ವಿದ್ಯುತ್ ಪ್ರವಾಹ ದಾಟಲಾರದು; ಗದ್ದೆಯ ಬದು ಕಾಲುವೆಯ ನೀರನ್ನು ತಡೆದು ಬೇಕಾದ ಕಡೆಗೇ ಹರಿಸುವಂತೆ, ಈ ಗೆರೆಗಳು ದಿಕ್ಕೆಟ್ಟು ಸುತ್ತುವ ಪ್ರವಾಹವನ್ನು ತಡೆದು ಸಹಜ ದಾರಿಗೆ ತರುತ್ತವೆ. ಮುಂದೆ 1998ರಲ್ಲಿ ಫ್ರಾನ್ಸಿನ ಬೋರ್ಡೊದ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು, ಬಂದು ಹೋಗುವ ಬಗೆಯ ಲಯಭಂಗದಲ್ಲಿ ಕಿಡಿ ಹೊತ್ತುವುದು ಹೆಚ್ಚಾಗಿ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಬಾಯಲ್ಲಿ ಎಂದು ತೋರಿಸಿಕೊಟ್ಟರು. ಆ ಬಾಯಿಗಳ ಸುತ್ತ ಗೆರೆ ಎಳೆಯುವುದೇ ಮುಖ್ಯ ಕೆಲಸವಾದ ಮೇಲೆ ಎದೆ ಸೀಳುವ ಅಗತ್ಯ ಕಡಿಮೆಯಾಯಿತು. ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ ಒಳಗಿನಿಂದ ಸುಡುವ ಅಥವಾ ಅತಿಯಾದ ಶೀತದಿಂದ ಮರಗಟ್ಟಿಸುವ ಕ್ಯಾಥೆಟರ್ ಅಬ್ಲೇಷನ್ ಒಂದು ದಾರಿ. ಎರಡೂ ಪಕ್ಕೆಗಳಲ್ಲಿ ಸಣ್ಣ ರಂಧ್ರಗಳ ಮೂಲಕ ಇಕ್ಕಳದಂಥ ಸಾಧನ ಇಳಿಸಿ, ಹೃದಯ ಬಡಿಯುತ್ತಿರುವಂತೆಯೇ ಹೊರಗಿನಿಂದ ಸುಡುವ ಥೊರಾಕೊಸ್ಕೋಪಿಕ್ ಶಸ್ತ್ರಚಿಕಿತ್ಸೆ, ಅಂದರೆ ‘ಮಿನಿ ಮೇಜ್’, ಇನ್ನೊಂದು. ಎದೆಮೂಳೆಯ ಕೆಳಗಿನ ಸಣ್ಣ ಗಾಯದಿಂದ ಶಸ್ತ್ರಚಿಕಿತ್ಸಕರು ಹೃದಯದ ಹಿಂಬದಿಯನ್ನು ಸುಟ್ಟು, ಉಳಿದದ್ದನ್ನು ಕ್ಯಾಥೆಟರ್‌ನಿಂದ ಪೂರೈಸುವ ಜಂಟಿ ವಿಧಾನವೂ ಇದೆ.

ಶಸ್ತ್ರಚಿಕಿತ್ಸೆಯ ದೊಡ್ಡ ಅನುಕೂಲವೆಂದರೆ ಎಡ ಹೃತ್ಕರ್ಣದ ಪಕ್ಕಕ್ಕೆ ಜೋತುಬಿದ್ದಿರುವ ‘ಅಪೆಂಡೇಜ್’ ಎಂಬ ಕಿರುಚೀಲವನ್ನು ಅದೇ ವೇಳೆಯಲ್ಲಿ ಕ್ಲಿಪ್ ಹಾಕಿ ಮುಚ್ಚಿಬಿಡಬಹುದು. ಕವಾಟದ ಕಾಯಿಲೆ ಇಲ್ಲದವರಲ್ಲಿ ಹೃತ್ಕರ್ಣದ ಹೆಪ್ಪುಗಳ ಪೈಕಿ ಸುಮಾರು ಶೇ 90ರಷ್ಟು ಆ ಚೀಲದಲ್ಲಿಯೇ ಕಟ್ಟುತ್ತವೆ. ಹಾಗಾದರೆ ಚೀಲ ಮುಚ್ಚಿದ ಮೇಲೆ ಗುಳಿಗೆ ಏಕೆ ಎಂದು ಸೋದರನ ಮಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಬೇರೆ ಕಾರಣಕ್ಕೆ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಈ ಚೀಲವನ್ನು ಮುಚ್ಚಿ ನೋಡಿದ 2021ರ ದೊಡ್ಡ ಅಧ್ಯಯನದಲ್ಲಿ ಪಾರ್ಶ್ವವಾಯು ಮತ್ತು ಹೆಪ್ಪು ಸಿಡಿಯುವ ತೊಂದರೆ ಶೇ 7ರಿಂದ ಶೇ 4.8ಕ್ಕೆ ಇಳಿದದ್ದು ನಿಜ, ಆದರೆ ಅದರಲ್ಲಿದ್ದ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೂರು ವರ್ಷಗಳ ನಂತರವೂ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರು. ಅಂದರೆ ಕ್ಲಿಪ್ ಗುಳಿಗೆಯ ಜೊತೆಗಿನ ರಕ್ಷಣೆಯಾಗಿ ಸಾಬೀತಾಗಿದೆಯೇ ಹೊರತು ಗುಳಿಗೆಯ ಬದಲಿಯಾಗಿ ಅಲ್ಲ.

ಲಯ ಸರಿಪಡಿಸುವುದರಲ್ಲಿ ಶಸ್ತ್ರಚಿಕಿತ್ಸೆ ಎಷ್ಟು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. 2012ರಲ್ಲಿ ಪ್ರಕಟವಾದ ‘ಫಾಸ್ಟ್’ ಅಧ್ಯಯನದಲ್ಲಿ ಒಂದು ವರ್ಷದ ನಂತರ ಲಯಭಂಗವಿಲ್ಲದೆ ಉಳಿದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 65.6, ಕ್ಯಾಥೆಟರ್ ಗುಂಪಿನಲ್ಲಿ ಶೇ 36.5, ಆದರೆ ತೊಂದರೆಗಳೂ ಶಸ್ತ್ರಚಿಕಿತ್ಸೆಯಲ್ಲಿಯೇ ಎರಡು ಪಟ್ಟಿಗಿಂತ ಹೆಚ್ಚು, ಶೇ 34.4ಕ್ಕೆ ಎದುರಾಗಿ ಶೇ 15.9. ಬಹುಕಾಲದಿಂದ ಬಿಡದೆ ಮುಂದುವರಿದ ಲಯಭಂಗವಿದ್ದವರನ್ನು ಮಾತ್ರ ತೆಗೆದುಕೊಂಡ ಬ್ರಿಟನ್ನಿನ ‘ಕಾಸಾ-ಎಎಫ್’ ಅಧ್ಯಯನ 2020ರಲ್ಲಿ ಬಂದಾಗ, ಒಂದೇ ಬಾರಿಯ ಚಿಕಿತ್ಸೆಯಿಂದ, ಲಯದ ಔಷಧಿಯೂ ಇಲ್ಲದೆ ಉಳಿದುಕೊಂಡವರು ಶಸ್ತ್ರಚಿಕಿತ್ಸೆಯಲ್ಲಿ ಶೇ 26, ಕ್ಯಾಥೆಟರ್‌ನಲ್ಲಿ ಶೇ 28. ನನ್ನ ಅಭಿಪ್ರಾಯದಲ್ಲಿ, ಬೇರೆ ಕಾರಣಕ್ಕೆ ಎದೆ ತೆರೆಯಲೇಬೇಕಾದವರಿಗೆ ಅದರ ಜೊತೆಗೇ ಮೇಜ್ ಮಾಡಿಸುವುದು, ಮತ್ತು ಕ್ಯಾಥೆಟರ್ ಅಬ್ಲೇಷನ್ ಸೋತವರಿಗೆ ಅನುಭವಿಗಳ ಕೈಯಲ್ಲಿ ಮಿನಿ ಮೇಜ್ ಮಾಡಿಸುವುದು, ಎರಡೂ ಸಮಂಜಸ. ಇನ್ನೂ ಏನನ್ನೂ ಪ್ರಯತ್ನಿಸದವರಿಗೆ ಅದನ್ನೇ ಮೊದಲ ಹೆಜ್ಜೆಯಾಗಿಸುವುದಕ್ಕೆ ಬಲವಾದ ಕಾರಣ ಬೇಕು. ಗಾಯ ಸಣ್ಣದಿದ್ದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಾಗುವುದಿಲ್ಲ: ಪೂರ್ಣ ಅರಿವಳಿಕೆ ಬೇಕು, ಒಂದೊಂದು ಪಕ್ಕೆಯ ಸರದಿ ಬಂದಾಗ ಆ ಬದಿಯ ಶ್ವಾಸಕೋಶವನ್ನು ಕುಗ್ಗಿಸಿ ಇನ್ನೊಂದರ ಮೇಲೆಯೇ ಉಸಿರಾಡಿಸಬೇಕು.

ಕಂಡುಬಂದ ಅಡ್ಡಿಗಳು

ಶ್ವಾಸಕೋಶವನ್ನು ಕುಗ್ಗಿಸುವ ಈ ಮಾತು ಬಂದಾಗ, ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅವರ ಹೆಂಡತಿ ಬಾಯಿ ತೆರೆದರು. “ಲಗ್ನಾದ ಹೊಸದರಾಗ ಇವ್ರಿಗೆ ಬಲಗಡಿ ಪಕ್ಕಿಗೆ ನೀರು ತುಂಬಿತ್ರಿ, ಸೂಜಿ ಹಾಕಿ ತಗದಿದ್ರು. ಆರ್ ತಿಂಗಳಿಗಿಂತ ಹೆಚ್ಚು ಗುಳಿಗಿ ನುಂಗ್ಯಾರ. ಟಿಬಿ ಅಂತ ಯಾರ ಮುಂದೂ ಹೇಳಿಲ್ರಿ” ಎಂದರು. ರೋಗಿ ಕಣ್ಣು ಬಿಟ್ಟು ಸುಮ್ಮನಿರಿಸಲು ನೋಡಿದರೂ ಆ ತಾಯಿ ಮಾತು ಪೂರ್ತಿ ಮಾಡಿದರು, ಅದರಿಂದ ಮುಂದಿನ ದಾರಿಯೇ ಬದಲಾಯಿತು. ಎದೆಯ ಎಕ್ಸ್-ರೇಯಲ್ಲಿ ಬಲಗಡೆಯ ಕೆಳಮೂಲೆ ಮೊಂಡಾಗಿತ್ತು; ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ಹೊದಿಕೆ ದಪ್ಪವಾಗಿ ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಂತೆ ಕಾಣಿಸಿತು.

ಹಳೆಯ ಕ್ಷಯದಿಂದ ಹೀಗೆ ಅಂಟಿಕೊಂಡ ಶ್ವಾಸಕೋಶ, ಕುಗ್ಗಿಸಿದರೂ ಗೋಡೆಯಿಂದ ಬಿಟ್ಟು ಬರುವುದಿಲ್ಲ. ಅದನ್ನು ಬಿಡಿಸುತ್ತಾ ಹೋದರೆ ರಕ್ತ ಸೋರುತ್ತದೆ, ಶ್ವಾಸಕೋಶ ಹರಿದು ಗಾಳಿ ಸೋರಬಹುದು, ಕ್ಯಾಮೆರಾಕ್ಕೆ ದಾರಿಯೇ ಸಿಗದೆ ಶಸ್ತ್ರಚಿಕಿತ್ಸಕರು ಕೊನೆಗೆ ಪಕ್ಕೆಯನ್ನೇ ತೆರೆಯಬೇಕಾಗಬಹುದು. ಎದೆ ಕೊಯ್ಯುವುದು ಬೇಡವೆಂದು ಸಣ್ಣ ರಂಧ್ರ ಕೇಳಿದವರಿಗೆ, ಆ ಸಣ್ಣ ರಂಧ್ರವೇ ದೊಡ್ಡ ಗಾಯಕ್ಕೆ ದಾರಿಯಾಗುವ ಸಂಭವ ಹೆಚ್ಚಿತ್ತು. ನಮ್ಮ ಜಿಲ್ಲೆಗಳಲ್ಲಿ ಕ್ಷಯ ಅಪರೂಪವಲ್ಲ, ಅದನ್ನು ಮುಚ್ಚಿಡುವುದೂ ಅಪರೂಪವಲ್ಲ; ಆದ್ದರಿಂದ ಎದೆಯ ಯಾವುದೇ ಕ್ಯಾಮೆರಾ ಶಸ್ತ್ರಚಿಕಿತ್ಸೆಗೆ ಕಳುಹಿಸುವ ಮುನ್ನ ‘ಟಿಬಿ ಇತ್ತೇ’ ಎಂದು ಕೇಳುವ ಬದಲು ‘ಪಕ್ಕೆಯಿಂದ ನೀರು ತೆಗೆಸಿದ್ದಿರಾ’ ಎಂದು ಕೇಳುವುದು, ಅದನ್ನೂ ಮನೆಯ ಹೆಂಗಸರ ಎದುರಿನಲ್ಲಿ ಕೇಳುವುದು, ಹೆಚ್ಚು ಫಲ ಕೊಡುತ್ತದೆ.

ಎರಡನೆಯ ಅಡ್ಡಿ ಇನ್ನೂ ಗಂಭೀರವಾದದ್ದು. ಬಳ್ಳಾರಿಯ ಹೃದ್ರೋಗ ತಜ್ಞರೊಬ್ಬರಲ್ಲಿ ಅನ್ನನಾಳದ ಮೂಲಕ ಎಕೋ ಮಾಡಿಸಿದಾಗ ಅಪೆಂಡೇಜ್‌ನ ತುದಿಯಲ್ಲಿ ಹೆಪ್ಪು ಸ್ಪಷ್ಟವಾಗಿ ಕಾಣಿಸಿತು. ಆಸ್ಪಿರಿನ್ ನಂಬಿ ಕಳೆದ ತಿಂಗಳುಗಳ ಫಲ ಅದು. ಹೆಪ್ಪು ಇರುವಾಗ ವಿದ್ಯುತ್ ಶಾಕ್ ಕೊಟ್ಟು ಲಯ ಸರಿಪಡಿಸುವಂತಿಲ್ಲ, ಕ್ಯಾಥೆಟರ್ ಒಳಗೆ ಬಿಡುವಂತಿಲ್ಲ, ಚೀಲವನ್ನು ಹೊರಗಿನಿಂದ ಹಿಡಿದು ಕ್ಲಿಪ್ ಹಾಕುವಂತೆಯೂ ಇಲ್ಲ, ಏಕೆಂದರೆ ಇವುಗಳಲ್ಲಿ ಯಾವುದರಿಂದಲಾದರೂ ಹೆಪ್ಪು ಕಳಚಿ ಮೆದುಳಿಗೆ ಹೋಗಬಹುದು. ಲಯವನ್ನು ತಾನಾಗಿ ಮರಳಿಸಬಲ್ಲ ಅಮಿಯೊಡರೋನ್ ಗುಳಿಗೆಯನ್ನು ಆ ಹಂತದಲ್ಲಿ ಆರಂಭಿಸದಿರುವುದಕ್ಕೂ ಅದೇ ಕಾರಣ. ಪ್ಯಾಕೇಜ್ ಹಾಳೆ ಹಿಡಿದು ನೇರವಾಗಿ ಆ ನಗರಕ್ಕೆ ಹೋಗಿದ್ದರೂ ಸರಿಯಾದ ಶಸ್ತ್ರಚಿಕಿತ್ಸಕರು ಅಲ್ಲಿಯೇ ತಡೆದು ವಾಪಸು ಕಳುಹಿಸುತ್ತಿದ್ದರು.

ಚಿಕಿತ್ಸೆ

ಹೀಗೆ, ಆಪರೇಷನ್ ಮಾಡಿಸಿ ಗುಳಿಗೆ ಬಿಡಲು ಬಂದವರಿಗೆ ಮೊದಲ ಚಿಕಿತ್ಸೆಯಾಗಿ ದೊರೆತದ್ದು ಗುಳಿಗೆಯೇ. ಅಪಿಕ್ಸಬಾನ್ 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಒಂದು ಹೊತ್ತೂ ತಪ್ಪಿಸದೆ. ಇದಕ್ಕೆ ಸೊಪ್ಪಿನ ನಿರ್ಬಂಧವಿಲ್ಲ, ಐಎನ್‌ಆರ್ ಇಲ್ಲ. ವಯಸ್ಸು 80 ಅಥವಾ ಮೇಲೆ, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ ಮಾತ್ರ 2.5 ಮಿಲಿಗ್ರಾಂಗೆ ಇಳಿಸಬೇಕು. ಇವರಿಗೆ ಒಂದೂ ಇರಲಿಲ್ಲ. ‘ವಯಸ್ಸಾಗಿದೆ, ಅರ್ಧ ಸಾಕು’ ಎಂದು ಪ್ರಮಾಣ ಕಡಿಮೆ ಮಾಡುವ ರೂಢಿ ನಮ್ಮಲ್ಲಿ ಬಹಳವಿದೆ, ಅದರಿಂದ ರಕ್ಷಣೆ ಕಡಿಮೆಯಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ಡೈಕ್ಲೊಫೆನಾಕ್ ನಿಲ್ಲಿಸಿದೆವು, ಆಸ್ಪಿರಿನ್ನೂ ನಿಂತಿತು. ರಕ್ತ ತೆಳುವಾಗಿಸುವ ಗುಳಿಗೆಯ ಮೇಲೆ ಬರುವ ರಕ್ತಸ್ರಾವದ ದೂರುಗಳಲ್ಲಿ ಈ ನೋವಿನ ಗುಳಿಗೆಗಳ ಪಾಲು ದೊಡ್ಡದು. ಮೆಟೊಪ್ರೊಲಾಲ್ ಪ್ರಮಾಣ ಹೆಚ್ಚಿಸಿದಾಗ ಬಡಿತ ನಿಮಿಷಕ್ಕೆ ತೊಂಬತ್ತರ ಆಸುಪಾಸಿಗೆ ಇಳಿದು, ಅರ್ಧ ದಣಿವು ಅದರಿಂದಲೇ ಕಡಿಮೆಯಾಯಿತು.

ಆರು ವಾರಗಳ ನಂತರ ಅನ್ನನಾಳದ ಎಕೋ ಮತ್ತೆ ಮಾಡಿಸಿದಾಗ ಹೆಪ್ಪು ಕರಗಿತ್ತು. ಈ ಕಾಯುವ ಅವಧಿಯನ್ನು ಗೊರಕೆಯ ಬೆನ್ನು ಹತ್ತಲು ಬಳಸಿಕೊಂಡಿದ್ದೆವು. 88 ಕಿಲೋ ತೂಕ, ದಪ್ಪ ಕುತ್ತಿಗೆ, ಗುಳಿಗೆಗೆ ಬಗ್ಗದ ರಕ್ತದೊತ್ತಡ, ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮುಂದೆಯೇ ತೂಕಡಿಕೆ. ನಿದ್ರೆಯ ಪರೀಕ್ಷೆಯಲ್ಲಿ ಉಸಿರು ಪದೇಪದೇ ಕಟ್ಟುವುದು ಖಚಿತವಾಯಿತು. ಇದನ್ನು ಹಾಗೆಯೇ ಬಿಟ್ಟು ಅಬ್ಲೇಷನ್ ಮಾಡಿಸಿಕೊಂಡವರಲ್ಲಿ ಲಯಭಂಗ ಮರುಕಳಿಸುವುದು ಹೆಚ್ಚು, ಆದ್ದರಿಂದ ಮುಖಕ್ಕೆ ಕಟ್ಟಿಕೊಂಡು ಮಲಗುವ, ಗಾಳಿ ಒತ್ತಿ ಉಸಿರು ಕಟ್ಟದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರ ಮನೆಗೆ ಬಂತು. ಕರೆಂಟು ಹೋದ ರಾತ್ರಿಗಳಲ್ಲಿ ಅದು ನಿಂತುಹೋಗುತ್ತಿತ್ತು, ಇನ್ವರ್ಟರ್ ಹಾಕಿಸಿದ ಮೇಲೆ ಆ ನೆಪವೂ ಉಳಿಯಲಿಲ್ಲ. ರಾತ್ರಿಯ ಅನ್ನ ಬಿಟ್ಟು ಜೋಳದ ರೊಟ್ಟಿ, ಪಲ್ಯಕ್ಕೆ ಬಂದರು; ಅಕ್ಕಿ ಗಿರಣಿಯಲ್ಲಿ ಜೀವನ ಕಳೆದವರಿಗೆ ಇದನ್ನು ಹೇಳಿ ಒಪ್ಪಿಸುವುದು ಅಪಿಕ್ಸಬಾನ್ ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

ಬೆಂಗಳೂರಿನ ಲಯ ತಜ್ಞರು ಕಾಗದಪತ್ರಗಳನ್ನೆಲ್ಲ ನೋಡಿ ಕ್ಯಾಥೆಟರ್ ಅಬ್ಲೇಷನ್ ಸೂಚಿಸಿದರು. ಬಿಡದೆ ಮುಂದುವರಿದ ಲಯಭಂಗದಲ್ಲಿ ಇದರ ಫಲ ಬಂದು ಹೋಗುವ ಬಗೆಯಷ್ಟು ಚೆನ್ನಾಗಿರುವುದಿಲ್ಲ. 2015ರ ‘ಸ್ಟಾರ್ ಎಎಫ್-2’ ಅಧ್ಯಯನದಲ್ಲಿ ಅಭಿಧಮನಿಗಳ ಬಾಯಿಗಳನ್ನಷ್ಟೇ ಪ್ರತ್ಯೇಕಿಸಿದವರಲ್ಲಿ ಹದಿನೆಂಟು ತಿಂಗಳ ನಂತರ ಲಯಭಂಗ ಮರುಕಳಿಸದವರು ಶೇ 59. ನೂರರಲ್ಲಿ ನಲವತ್ತು ಜನಕ್ಕೆ ಮತ್ತೆ ಬರಬಹುದು, ಎರಡನೆಯ ಸಲ ಮಾಡಬೇಕಾಗಬಹುದು ಎಂಬುದನ್ನು ತಜ್ಞರು ಮುಚ್ಚುಮರೆಯಿಲ್ಲದೆ ಹೇಳಿದರು. ಹೃದಯದ ಸುತ್ತ ರಕ್ತ ತುಂಬಿಕೊಳ್ಳುವುದು, ಪಾರ್ಶ್ವವಾಯು, ವಪೆಯ ನರಕ್ಕೆ ಪೆಟ್ಟು, ಇವುಗಳ ಜೊತೆಗೆ, ಬಹಳ ವಿರಳವಾಗಿ, ಹೃತ್ಕರ್ಣಕ್ಕೂ ಅನ್ನನಾಳಕ್ಕೂ ನಡುವೆ ತೂತು ಬೀಳುವ ಅಪಾಯವನ್ನೂ ವಿವರಿಸಿದರು. ಈ ಕೊನೆಯದು ಕೆಲವು ವಾರಗಳ ನಂತರ ಜ್ವರ, ನುಂಗುವಾಗ ನೋವು ಅಥವಾ ಪಾರ್ಶ್ವವಾಯುವಿನ ರೂಪದಲ್ಲಿ ತೋರುತ್ತದೆ. ಆಗ ರೋಗಿ ಇರುವುದು ಬೆಂಗಳೂರಿನಲ್ಲಲ್ಲ, ಗಂಗಾವತಿಯಲ್ಲಿ. ಆದ್ದರಿಂದ ಅಂಥ ಲಕ್ಷಣ ಕಂಡರೆ ಎಂಡೋಸ್ಕೋಪಿ ಮಾಡಿಸದೆ ಎದೆಯ ಸಿಟಿ ಮಾಡಿಸಿ ತಕ್ಷಣ ಸಂಪರ್ಕಿಸಬೇಕೆಂದು ಡಿಸ್ಚಾರ್ಜ್ ಹಾಳೆಯ ಮೇಲೆಯೇ ಬರೆಸಿಕೊಳ್ಳಲು ಹೇಳಿದ್ದೆ, ಬರೆಸಿಕೊಂಡು ಬಂದರು.

ಹಣದ ವಿಚಾರ ಚುಟುಕಾಗಿ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇವರಂಥ ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಟ್ಟುಕೊಂಡು, ಯಾವ ಉಪಕರಣ ಪ್ಯಾಕೇಜ್‌ನಲ್ಲಿ ಸೇರುತ್ತದೆ, ಯಾವುದು ಹೊರಗೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಾಖಲಾಗುವ ಮೊದಲೇ ಕೇಳಿ ತಿಳಿದುಕೊಂಡರೆ ನಂತರದ ಜಗಳ ತಪ್ಪುತ್ತದೆ.

ನಂತರ

ಅಬ್ಲೇಷನ್ ತೊಂದರೆಯಿಲ್ಲದೆ ಮುಗಿಯಿತು. ಎದೆಯ ಮೇಲೆ ಗಾಯವೇ ಇಲ್ಲ. ತೊಡೆಸಂದಿಯಲ್ಲಿ ಸೂಜಿಯ ಗುರುತು, ಅದರ ಸುತ್ತ ಅಂಗೈಯಗಲ ಕಪ್ಪುಗಟ್ಟಿದ್ದು ಎರಡು ವಾರಗಳಲ್ಲಿ ಮಾಸಿತು. ಆದರೆ ಎರಡನೆಯ ತಿಂಗಳಿನಲ್ಲಿ ಲಯ ಮತ್ತೆ ತಪ್ಪಿದಾಗ ಮನೆಯವರು ಹಣವೆಲ್ಲ ಹೊಳೆಯಲ್ಲಿ ಹೋಯಿತೆಂದು ಕಂಗೆಟ್ಟರು. ಸುಟ್ಟ ಜಾಗ ಮಾಗುವ ಮೊದಲ ಎರಡು ಮೂರು ತಿಂಗಳುಗಳಲ್ಲಿ ಇಂಥ ಮರುಕಳಿಕೆ ಸಾಮಾನ್ಯ, ಅದನ್ನು ಸೋಲೆಂದು ಲೆಕ್ಕ ಹಾಕುವುದಿಲ್ಲ. ಅಪಿಕ್ಸಬಾನ್ ಒಂದು ಹೊತ್ತೂ ತಪ್ಪಿರಲಿಲ್ಲವಾದ್ದರಿಂದ ವಿದ್ಯುತ್ ಶಾಕ್ ಕೊಟ್ಟು ಲಯ ಮರಳಿಸಲು ತಡವಾಗಲಿಲ್ಲ. ಅಬ್ಲೇಷನ್ ಆದಾಗಿನಿಂದ ಕೊಡುತ್ತಿದ್ದ ಅಮಿಯೊಡರೋನನ್ನು ನಾಲ್ಕನೆಯ ತಿಂಗಳ ಕೊನೆಗೆ, ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆ ನೋಡಿಕೊಂಡು, ನಿಲ್ಲಿಸಲಾಯಿತು.

ಒಂದು ವರ್ಷದ ನಂತರದ ಹಾಲ್ಟರ್ ಪರೀಕ್ಷೆಯಲ್ಲಿ (ಮೈಗೆ ಕಟ್ಟಿಕೊಂಡ ಯಂತ್ರದಿಂದ ಬಿಡದೆ ತೆಗೆಯುವ ಇಸಿಜಿ) ಲಯ ಸಹಜವಾಗಿದೆ, ನಡುವೆ ಅಲ್ಲೊಂದು ಇಲ್ಲೊಂದು ಬಿಡಿ ಬಡಿತ ಮಾತ್ರ. ತೂಕ 81 ಕಿಲೋ. ರಕ್ತದೊತ್ತಡದ ಎರಡು ಗುಳಿಗೆಗಳಲ್ಲಿ ಒಂದು ಕಡಿಮೆಯಾಗಿದೆ. “ಲಯ ಸರಿ ಆತಲ್ರಿ, ಇನ್ನರ ಆ ರಕ್ತದ ಗುಳಿಗಿ ಬಿಡ್ಲ್ಯಾ?” ಎಂದು ಅವರು ಈಗಲೂ ಪ್ರತಿ ಸಲ ಕೇಳುತ್ತಾರೆ, ನಾನು ಪ್ರತಿ ಸಲ ಅದೇ ಎರಡು ಅಂಕಗಳ ಲೆಕ್ಕ ಒಪ್ಪಿಸುತ್ತೇನೆ. 75 ತುಂಬಿದರೆ ಅದು ಮೂರಾಗುತ್ತದೆ. ಸದ್ಯಕ್ಕೆ ಅಪಿಕ್ಸಬಾನ್ ಪೂರ್ಣ ಪ್ರಮಾಣದಲ್ಲಿ ಮುಂದುವರಿದಿದೆ, ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ನೋಡುತ್ತಿದ್ದೇವೆ. ಲಯ ಮತ್ತೆ ಸ್ಥಿರವಾಗಿ ತಪ್ಪಿದರೆ ಎರಡನೆಯ ಕ್ಯಾಥೆಟರ್ ಅಬ್ಲೇಷನ್ ಮಾಡಿಸುವುದೆಂದು, ಥೊರಾಕೊಸ್ಕೋಪಿಕ್ ಶಸ್ತ್ರಚಿಕಿತ್ಸೆಗೆ ಬಲ ಪಕ್ಕೆಯ ಸ್ಥಿತಿ ಅಡ್ಡಿಯಾಗಿದೆಯೆಂದು, ಬೇರೆ ಯಾವ ವೈದ್ಯರು ನೋಡಿದರೂ ತಿಳಿಯುವಂತೆ ಅವರ ಕಡತದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.